ಯಾವ ಪರಮಾಣುವೂ ತೂಗದ ಮೂವತ್ತೈದೂವರೆ

ಮೊನ್ನೆ ಬೆಳಿಗ್ಗೆ ಸೊರಬದ ಕೋರ್ಟಿನ ಹಿಂದಿನ ಚರಂಡಿಗೆ ಯಾರೋ ಬ್ಲೀಚಿಂಗ್ ಪೌಡರ್ ಚೆಲ್ಲಿ ಹೋಗಿದ್ದರು. ಊರಲ್ಲಿ ಜ್ವರ ಜಾಸ್ತಿಯಾದಾಗಲೆಲ್ಲ ಹೀಗೊಂದು ಬಿಳಿ ಗೆರೆ ಎಳೆದು ಹೋಗುತ್ತಾರೆ. ಜ್ವರ ಆ ಗೆರೆಯನ್ನು ಎಷ್ಟು ಗೌರವಿಸುತ್ತದೋ ನನಗೆ ಗೊತ್ತಿಲ್ಲ. ನಾನು ಕೆಲಸ ಕಲಿಯುತ್ತಿರುವ ಹಿರಿಯ ವಕೀಲರು ಮೂಗಿಗೆ ಕರವಸ್ತ್ರ ಹಿಡಿದು ಒಳಗೆ ನಡೆದರು. ನಾನು ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಅಲ್ಲೇ ನಿಂತೆ. ಮೂಗು ಉರಿಯಿತು, ಕಣ್ಣಲ್ಲಿ ನೀರು ಬಂತು. ಯಾರಾದರೂ ಇದನ್ನು ಭಾವುಕತೆ ಎಂದು ತೀರ್ಮಾನಿಸುವ ಮೊದಲೇ ಹೇಳಿಬಿಡುತ್ತೇನೆ: ಅದು ಕ್ಲೋರಿನ್ ಮಾಡುವ ಕೆಲಸ. ನೆನಪಿಗೆ ಅಷ್ಟು ಖಾರವಿಲ್ಲ.

ಆದರೆ ವಾಸನೆಯ ಬೆನ್ನಿಗೇ ಒಂದು ಸಂಖ್ಯೆ ಬಂತು. ಮೂವತ್ತೈದೂವರೆ. ಸಂಖ್ಯೆಯ ಬೆನ್ನಿಗೆ ನಮ್ಮ ಕೆಮಿಸ್ಟ್ರಿ ಮೇಡಂ ಬಂದರು, ಸೀಮೆಸುಣ್ಣದ ಪುಡಿ ಹತ್ತಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ತಕರಾರು ಏನೆಂದು ಕೇಳಲು ಕತ್ತು ಸ್ವಲ್ಪ ವಾರೆ ಮಾಡಿಕೊಂಡು...

ತೀರಿಹೋದವರ ಬಗ್ಗೆ ಬರೆಯಲು ಕೂತರೆ ಅವರನ್ನು ಹೊಗಳಿ ಹೊಗಳಿ ಹಾರ ಹಾಕಿದ ಫೋಟೋ ಮಾಡಿಬಿಡುವುದು ನಮ್ಮಲ್ಲಿ ರೂಢಿ. ನನಗದು ಆಗಿಬರುವುದಿಲ್ಲ. ಮೇಡಂ ಅವರ ಅಕ್ಷರ ಬೋರ್ಡಿನ ಎಡತುದಿಯಲ್ಲಿ ಶುರುವಾಗಿ ಬಲತುದಿಗೆ ಬರುವಷ್ಟರಲ್ಲಿ ಇಳಿಜಾರು ಹಿಡಿಯುತ್ತಿತ್ತು. ಬಸ್ಸಿನ ನೆಪ ಹೇಳಿ ತಡವಾಗಿ ಬರುತ್ತಿದ್ದರು. ಬಸ್ಸು ಸರಿಯಾಗಿ ಬಂದ ದಿನವೂ ತಡವಾಗಿಯೇ ಬರುತ್ತಿದ್ದರು. ಉತ್ತರ ಗೊತ್ತಿಲ್ಲದವರನ್ನು ಬಿಟ್ಟುಬಿಡುತ್ತಿದ್ದರು, ಉತ್ತರ ಉರು ಹೊಡೆದವರನ್ನು ಮಾತ್ರ ಬಿಡುತ್ತಿರಲಿಲ್ಲ. ಇವೆಲ್ಲ ನಿಜ. ಇದನ್ನೆಲ್ಲ ಒಪ್ಪಿಕೊಂಡ ಮೇಲೂ ಮೇಡಂ ಪರವಾದ ನನ್ನ ವಾದ ನಿಲ್ಲುತ್ತದೆ. ಹಾಗೆ ನಿಲ್ಲದಿದ್ದರೆ ಅದು ವಾದವೇ ಅಲ್ಲ.

ನಮ್ಮೂರು ಸೊರಬ ತಾಲ್ಲೂಕಿನ ಹೊಸಬಾಳೆ. ಪಿಯುಸಿಗೆ ಶಿಕಾರಿಪುರದ ಒಂದು ಖಾಸಗಿ ಕಾಲೇಜಿಗೆ ಸೇರಿ, ಅಲ್ಲೇ ಅತ್ತೆಯ ಮನೆಯಲ್ಲಿದ್ದೆ. ಮೇಡಂ ಸೊರಬದವರು. ದಿನಾ ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಅವರದು ಕಾಯಂ ನೌಕರಿಯಲ್ಲ. ವರ್ಷ ವರ್ಷ ಜೂನ್‌ನಲ್ಲಿ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ನನಗಾಗ ಚರ್ಚಾಸ್ಪರ್ಧೆಯ ಹುಚ್ಚು. ಬೆಳಿಗ್ಗೆ ಪರ, ಮಧ್ಯಾಹ್ನ ವಿರೋಧ, ಯಾವ ಕಡೆ ನಿಲ್ಲಿಸಿದರೂ ನಿಂತು ಗೆದ್ದು ಬರುತ್ತಿದ್ದೆ. ಪ್ರಿನ್ಸಿಪಾಲರ ಕೋಣೆಯ ಗಾಜಿನ ಬೀರುವಿನಲ್ಲಿ ನನ್ನ ಪಾರಿತೋಷಕಗಳಿಗೇ ಒಂದು ಅಂತಸ್ತು ಇತ್ತು. ಈ ಮಾತು ಜಂಭಕ್ಕಲ್ಲ, ಮುಂದೆ ಬೇಕಾಗುತ್ತದೆ.

ಮೊದಲ ಪಿಯುಸಿಯ ಶುರುವಿನಲ್ಲೇ ಮೇಡಂ ಐಸೊಟೋಪುಗಳ ಪಾಠ ಮಾಡಿದರು. ಬೋರ್ಡಿನ ಮೇಲೆ ಎರಡು ಕ್ಲೋರಿನ್ ಪರಮಾಣು ಬರೆದರು. ಎರಡರಲ್ಲೂ ಪ್ರೋಟಾನು ಹದಿನೇಳೇ. ಒಂದರಲ್ಲಿ ನ್ಯೂಟ್ರಾನು ಹದಿನೆಂಟು, ಇನ್ನೊಂದರಲ್ಲಿ ಇಪ್ಪತ್ತು. ಹಾಗಾಗಿ ಒಂದರ ತೂಕ ಮೂವತ್ತೈದು, ಇನ್ನೊಂದರದು ಮೂವತ್ತೇಳು. ಗುಣ ಮಾತ್ರ ಒಂದೇ. ಸೋಡಿಯಂ ಜೊತೆ ಸೇರಿದರೆ ಅದೂ ಅಡುಗೆ ಉಪ್ಪು, ಇದೂ ಅಡುಗೆ ಉಪ್ಪು. ಹಾಗಾದರೆ ಕ್ಲೋರಿನ್ನಿನ ಸರಾಸರಿ ತೂಕ ಎಷ್ಟು ಎಂದು ಕೇಳಿದರು. ಇಡೀ ತರಗತಿ ಒಂದೇ ಉಸಿರಿಗೆ ಮೂವತ್ತಾರು ಎಂದಿತು. ನಾನೂ ಅಂದೆ. ಪುಸ್ತಕ ತೆಗೆದು ನೋಡಿ ಅಂದರು. ಪುಸ್ತಕದಲ್ಲಿ ಮೂವತ್ತೈದೂವರೆ ಇತ್ತು. ಹಿಂದಿನ ಬೆಂಚಿನ ಯಾರೋ ಪ್ರಿಂಟ್ ಮಿಸ್ಟೇಕ್ ಅಂದರು.

ಮೂವತ್ತಾರು ಎನ್ನುವುದು ನಮ್ಮ ಕಡೆಯವರಿಗೆ ಎಷ್ಟು ಸಹಜ ಎಂಬುದು ನನಗೆ ಈಗ ಕೋರ್ಟಿನಲ್ಲಿ ಕೂತ ಮೇಲೆ ಇನ್ನೂ ಚೆನ್ನಾಗಿ ಗೊತ್ತಾಗಿದೆ. ಊರಲ್ಲಿ ಬೇಲಿ ಜಗಳಕ್ಕೆ ಹಿರಿಯರು ಪಂಚಾಯ್ತಿ ಕೂತರೆ ಮಾಡುವುದೇ ಅದು: ಅವನದೂ ಬೇಡ, ಇವನದೂ ಬೇಡ, ನಡು ಮುರಿಯಿರಿ, ಇಬ್ಬರಿಗೂ ಅರ್ಧರ್ಧ. ಯಾರದು ಎಷ್ಟು ನಿಜ ಎಂದು ಯಾರೂ ಅಳೆಯುವುದಿಲ್ಲ. ಎರಡು ಕಡೆ ಇದೆ ಅಂದಮೇಲೆ ನ್ಯಾಯ ನಡುವಿನಲ್ಲೇ ಇರಬೇಕು ಎಂಬುದು ನಮಗೆ ಹಾಲಿನ ಜೊತೆ ಬಂದ ನಂಬಿಕೆ. ಮೇಡಂ ಬಟ್ಟೆಯಿಂದ ಬೋರ್ಡು ಒರೆಸಿ, ನಮ್ಮ ಕಡೆ ತಿರುಗಿ ಅಂದದ್ದು ಇಷ್ಟು:

"ಇದು ನ್ಯಾಯ ಪಂಚಾಯ್ತಿ ಅಲ್ಲ ಕಣ್ರೇ, ನಡು ಮುರಿಯಕ್ಕೆ. ಯಾರ ಕಡೆ ಎಷ್ಟು ಜನ ಇದಾರೆ ಅಂತ ಒಬ್ರಾದ್ರೂ ಕೇಳಿದ್ರಾ?"

ಆಮೇಲೆ ಹೇಳಿದರು. ಪ್ರಕೃತಿಯಲ್ಲಿ ಕ್ಲೋರಿನ್ ತೆಗೆದುಕೊಂಡರೆ ಹೆಚ್ಚುಕಡಿಮೆ ಮುಕ್ಕಾಲು ಪಾಲು ಹಗುರದ್ದು, ಕಾಲು ಪಾಲು ಭಾರದ್ದು. ಅಂದರೆ ನಾಲ್ಕು ಪರಮಾಣು ಹಿಡಿದರೆ ಮೂರು ಮೂವತ್ತೈದರವು, ಒಂದು ಮೂವತ್ತೇಳರದು. ಮೂವತ್ತೈದನ್ನು ಮೂರು ಸಲ ಕೂಡಿ, ಮೂವತ್ತೇಳನ್ನು ಒಂದು ಸಲ ಕೂಡಿ, ನಾಲ್ಕರಿಂದ ಭಾಗಿಸಿ. ನೂರ ನಲವತ್ತೆರಡು, ಭಾಗ ನಾಲ್ಕು. ಮೂವತ್ತೈದೂವರೆ. ಪಾಲನ್ನು ಇನ್ನೂ ಸೂಕ್ಷ್ಮವಾಗಿ ಹಿಡಿದರೆ ಸಂಖ್ಯೆ ಒಂದು ಚೂರು ಕೆಳಗಿಳಿಯುತ್ತದೆ ಎಂದೂ ಸೇರಿಸಿದರು.

ನಾನು ಎದ್ದು ನಿಂತೆ. ತೂಕ ಮೂವತ್ತೈದು ಇಲ್ಲವೇ ಮೂವತ್ತೇಳು ಇರುವಾಗ, ಮೂವತ್ತೈದೂವರೆ ತೂಗುವ ಒಂದೇ ಒಂದು ಪರಮಾಣುವೂ ಲೋಕದಲ್ಲಿ ಇಲ್ಲದಿರುವಾಗ, ಅದನ್ನೇ ಕ್ಲೋರಿನ್ನಿನ ತೂಕ ಎಂದು ಅಚ್ಚು ಹಾಕುವುದು ಸುಳ್ಳಲ್ಲವೇ ಎಂದು ಕೇಳಿದೆ. ಹುಡುಗರು ನಕ್ಕರು. ನನಗೆ ನಗೆ ಹೊಸದಲ್ಲ. ಮೇಡಂ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಒಂದು ಪರಮಾಣುವನ್ನು ತೋರಿಸಿ ಇದು ಮೂವತ್ತೈದೂವರೆ ಅಂದರೆ ಸುಳ್ಳೇ, ಒಪ್ಪಿದೆ ಅಂದರು. ಆದರೆ ಆ ಸಂಖ್ಯೆ ಯಾರೊಬ್ಬರ ಬಗ್ಗೆಯೂ ಮಾತಾಡುತ್ತಿಲ್ಲ, ಎಲ್ಲರ ಬಗ್ಗೆ ಮಾತಾಡುತ್ತಿದೆ. ಅದು ನಿಜವಾಗಬೇಕಾದರೆ ಒಂದೇ ಷರತ್ತು, ಯಾರನ್ನೂ ಬಿಟ್ಟಿರಬಾರದು. ನಾನು ಕೂತೆ. ಒಪ್ಪಿ ಕೂತದ್ದಲ್ಲ, ಮುಂದಿನ ಪಾಯಿಂಟು ಹುಡುಕಲು ಕೂತದ್ದು.

ಮರುದಿನ ಮೇಡಂ ಮನೆಯಿಂದ ಡಬ್ಬಿ ತುಂಬ ಕಡುಬು ಮಾಡಿಕೊಂಡು ಬಂದರು. ಹೊರಗಿನಿಂದ ಎಲ್ಲ ಒಂದೇ ಆಕಾರ. ಕೆಲವದರ ಒಳಗೆ ಬರೀ ಕಾಯಿಬೆಲ್ಲ, ಕೆಲವದರ ಒಳಗೆ ಕಡಲೆಬೇಳೆ ಹೂರಣ ಗಿಡಿದು ತುಂಬಿದ್ದು. ಕೈಯಲ್ಲಿ ಹಿಡಿದರೆ ತೂಕದ ವ್ಯತ್ಯಾಸ ಗೊತ್ತಾಗುತ್ತಿತ್ತು. ಇವೇ ಐಸೊಟೋಪು ಅಂದರು. ನಾನು ಎರಡನ್ನೂ ತಿಂದು ಮುಗಿಸಿ, ಬಾಯಿ ಒರೆಸಿಕೊಂಡು, ಹೋಲಿಕೆ ತಪ್ಪು ಅಂದೆ. ರುಚಿ ಬೇರೆ ಬೇರೆ ಇದೆ. ಗುಣ ಬೇರೆ ಆದರೆ ಅವು ಬೇರೆ ಧಾತುಗಳೇ ಆಯಿತಲ್ಲ. ಮೇಡಂ ಡಬ್ಬಿ ಮುಚ್ಚಿ, ಕತ್ತು ವಾರೆ ಮಾಡಿದರು.

"ಹೌದಲ್ಲೇ ಮಾರಾಯ್ತಿ. ಕಡುಬೂ ತಿಂದೆ, ನನ್ನ ತಲೆನೂ ತಿಂದೆ. ಆತು, ನಾ ಸೋತೆ. ಬೇರೆ ಯಾರಾದ್ರೂ ಸರಿಯಾದ್ದು ತರ್ತೀರನ?"

ಮೇಷ್ಟ್ರು ಎಂಬುವರು ತರಗತಿಯ ನಡುವೆ ನಿಂತು ಸೋತೆ ಅನ್ನುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಗೆದ್ದ ಖುಷಿಗಿಂತ ಹೆಚ್ಚಾಗಿ ಒಂಥರಾ ಪೆಚ್ಚಾಯಿತು.

ಸರಿಯಾದ್ದು ತಂದವಳು ನನ್ನ ಪಕ್ಕ ಕೂರುತ್ತಿದ್ದ ನಸೀಮಾ. ಅವಳ ಅಪ್ಪ ಶಿಕಾರಿಪುರದ ಪೇಟೆಯಲ್ಲಿ ಹತ್ತಿ ಹಿಂಜಿ ಗಾದಿ, ದಿಂಬು ಹೊಲಿಯುವವರು. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದ ನಸೀಮಾಳಿಗೆ ಸೈನ್ಸಿನ ಇಂಗ್ಲಿಷ್ ಪುಸ್ತಕ ಗೋಡೆಯ ಹಾಗೆ ಎದುರು ನಿಂತಿತ್ತು. ತರಗತಿಯಲ್ಲಿ ಅವಳು ಬಾಯಿ ಬಿಟ್ಟದ್ದೇ ಕಡಿಮೆ. ಅವಳು ಮುಂದಿನ ಸೋಮವಾರ ಒಂದು ಚೀಲದಲ್ಲಿ ಪುಟ್ಟ ಪುಟ್ಟ ದಿಂಬುಗಳನ್ನು ಹೊಲಿದು ತಂದಿದ್ದಳು. ಒಂದೇ ಬಟ್ಟೆ, ಒಂದೇ ಅಳತೆ, ಎಲ್ಲವೂ ಒಂದೇ ಥರ ಮೆತ್ತಗೆ. ಆದರೆ ಪ್ರತಿಯೊಂದರ ನಟ್ಟನಡುವೆ, ಕೈಗೆ ಸಿಗದ ಹಾಗೆ, ಹತ್ತಿಯ ಒಳಗೆ ಕಲ್ಲು ಹುದುಗಿಸಿದ್ದಳು. ಮೂರರಲ್ಲಿ ಒಂದೇ ಥರದ ಕಲ್ಲು, ನಾಲ್ಕನೆಯದರಲ್ಲಿ ಸ್ವಲ್ಪ ದೊಡ್ಡದು. ಒತ್ತಿದರೆ, ತಬ್ಬಿದರೆ, ತಲೆ ಇಟ್ಟರೆ ಎಲ್ಲ ಒಂದೇ. ಎತ್ತಿದರೆ ಮಾತ್ರ ಬೇರೆ.

ಮೇಡಂ ಎರಡೂ ಕೈಯಲ್ಲಿ ಒಂದೊಂದು ದಿಂಬು ಹಿಡಿದು ತೂಗಿ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟುತ್ತದೆ... ಹೊರಗಿನ ಹತ್ತಿ ಎಲೆಕ್ಟ್ರಾನುಗಳು, ಗುಣ ಇರುವುದು ಅಲ್ಲಿ. ಒಳಗಿನ ಕಲ್ಲು ನ್ಯೂಕ್ಲಿಯಸ್ಸು, ತೂಕ ಇರುವುದು ಅಲ್ಲಿ. ಪುಸ್ತಕ ಒಂದು ಪುಟದಲ್ಲಿ ಹೇಳಲು ಒದ್ದಾಡಿದ್ದನ್ನು ಒಂದು ಹುಡುಗಿ ಸೂಜಿ ದಾರದಲ್ಲಿ ಹೇಳಿದ್ದಳು. ನಾನು ತಕರಾರು ಹುಡುಕಿದೆ, ಪ್ರಾಮಾಣಿಕವಾಗಿ ಹುಡುಕಿದೆ. ಸಿಗಲಿಲ್ಲ.

ಇನ್ನು ಕಾಲೇಜಿನ ವಿಚಾರ. ಪ್ರತಿ ವರ್ಷ ಫಲಿತಾಂಶ ಬಂದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ, ಶಿರಾಳಕೊಪ್ಪದ ಸರ್ಕಲ್ಲಿನಲ್ಲಿ, ಸೊರಬದ ಪೇಟೆಯಲ್ಲಿ ನಮ್ಮ ಕಾಲೇಜಿನ ಫ್ಲೆಕ್ಸ್ ಏಳುತ್ತಿತ್ತು: ನೂರಕ್ಕೆ ನೂರು ಫಲಿತಾಂಶ. ಅದರ ಗುಟ್ಟು ಗುಟ್ಟೇನೂ ಆಗಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ದ್ವಿತೀಯ ಪಿಯುಸಿಯ ಪಬ್ಲಿಕ್ ಪರೀಕ್ಷೆಯಲ್ಲಿ ಯಾರು ಫೇಲಾಗಬಹುದು ಎಂಬ ಅನುಮಾನವಿದೆಯೋ ಅವರನ್ನು ಪ್ರಥಮ ವರ್ಷದ ಕೊನೆಯಲ್ಲೇ ಸೋಸುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಅದಕ್ಕೆ ಬಳಸುತ್ತಿದ್ದ ಶಬ್ದವೇ ಅದು, ಸೋಸುವುದು. ಪ್ರಥಮ ವರ್ಷದ ಪತ್ರಿಕೆಯನ್ನು ತಿದ್ದುವವರು ಕಾಲೇಜಿನ ಮೇಷ್ಟ್ರುಗಳೇ ಆದ್ದರಿಂದ, ಬೇಡವಾದವರು ಒಂದೋ ಫೇಲಾಗುತ್ತಿದ್ದರು, ಇಲ್ಲ ಅವರ ಅಪ್ಪ ಅಮ್ಮನನ್ನು ಕರೆಸಿ ಟೀ ಕುಡಿಸಿ ಟಿಸಿ ಕೊಡುತ್ತಿದ್ದರು. ತಮಾಷೆ ಎಂದರೆ, ಹೋಗುವ ಅಪ್ಪಂದಿರು ಕೈ ಮುಗಿದು ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು. ಮಗಳ ಭವಿಷ್ಯದ ಬಗ್ಗೆ ಇಷ್ಟು ಕಾಳಜಿ ಯಾರು ಮಾಡುತ್ತಾರೆ ಹೇಳಿ.

ಆ ವರ್ಷ ನಸೀಮಾಳ ಅಪ್ಪನಿಗೆ ಕರೆ ಬಂತು. ನಸೀಮಾ ಉಳಿದ ವಿಷಯಗಳಲ್ಲಿ ಹೇಗೋ ದಾಟಿದ್ದಳು, ಕೆಮಿಸ್ಟ್ರಿಯಲ್ಲಿ ಪಾಸಿನ ಗೆರೆಯ ಮೇಲೆಯೇ ನಿಂತಿದ್ದಳು. ನೀನು ಮಾತಾಡುವವಳು, ಜೊತೆಗೆ ಬಾ ಎಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. ಅವಳ ಅಪ್ಪ ಅಂಗಿಗೆ ಅಂಟಿದ್ದ ಹತ್ತಿಯ ಎಳೆಗಳನ್ನು ಹೊರಗೇ ಕೊಡವಿಕೊಂಡು ಒಳಗೆ ಬಂದರು. ಪ್ರಿನ್ಸಿಪಾಲರು ಎದ್ದು ನಿಂತು ಅವರಿಗೆ ಕುರ್ಚಿ ತೋರಿಸಿದರು, ಟೀ ತರಿಸಿದರು. ಈ ಮನುಷ್ಯನನ್ನು ಖಳನಾಯಕ ಮಾಡಿದರೆ ನನ್ನ ಕೆಲಸ ಸುಲಭವಾಗುತ್ತದೆ. ಆದರೆ ಅವರು ಹಾಗಿರಲಿಲ್ಲ. ಮೆತ್ತಗೆ ಮಾತಾಡಿದರು. ಹುಡುಗಿ ಒಳ್ಳೆಯವಳು, ಸೈನ್ಸ್ ಅವಳಿಗೆ ಭಾರ, ಮುಂದಿನ ವರ್ಷ ಫೇಲಾದರೆ ಮನಸ್ಸು ಮುರಿಯುತ್ತದೆ, ಈಗಲೇ ಬೇರೆ ಕಡೆ ಆರ್ಟ್ಸ್ ಸೇರಿಸಿದರೆ ಅವಳಿಗೂ ನೆಮ್ಮದಿ. ಕೇಳುತ್ತ ಕೂತರೆ ನನಗೇ ಒಂದು ಗಳಿಗೆ ಹೌದಲ್ಲ ಅನ್ನಿಸಿತು.

ಗಾದಿ ಹೊಲಿಯುವ ಆ ಅಪ್ಪ ಟೀ ಲೋಟವನ್ನು ಮೇಜಿನ ಮೇಲಿಟ್ಟು ಕೇಳಿದರು: "ನಮ್ ಹುಡುಗಿ ಪಾಸಾಗೇತಲ್ರೀ ಸರ್?"

"ಆಗಿದಾಳೆ ಸಾಹೇಬ್ರೆ. ಆದ್ರೆ..."

ನಾನು ಆ 'ಆದ್ರೆ'ಯನ್ನು ಹಿಡಿದುಕೊಂಡೆ. ಪಾಸಾದವಳಿಗೆ ಆದರೆ ಏಕೆ, ಯಾವ ನಿಯಮ ಹಾಗೆ ಹೇಳುತ್ತದೆ, ಕಾಲೇಜು ಇರುವುದು ಕಲಿಸಲಿಕ್ಕೋ ಫ್ಲೆಕ್ಸಿಗೋ ಎಂದು ಶುರು ಮಾಡಿದೆ. ಒಳ್ಳೆಯ ಭಾಷಣವೇ ಆಗಿತ್ತು. ಪ್ರಿನ್ಸಿಪಾಲರು ತಡೆಯದೆ ಕೇಳಿ, ಗಾಜಿನ ಬೀರುವಿನ ಕಡೆ ಕೈ ತೋರಿಸಿ, ನಸೀಮಾಳ ಅಪ್ಪನಿಗೆ ಹೇಳಿದರು: ನೋಡಿ, ಇವಳು ನಮ್ಮ ಕಾಲೇಜಿನ ಹೆಮ್ಮೆ, ಎಷ್ಟು ಚೆನ್ನಾಗಿ ಮಾತಾಡುತ್ತಾಳೆ. ಅಷ್ಟೇ. ನನ್ನ ವಾದವನ್ನು ಎತ್ತಿ ಪಾರಿತೋಷಕಗಳ ಜೊತೆ ಬೀರುವಿನೊಳಗೆ ಇಟ್ಟು ಬಾಗಿಲು ಹಾಕಿದರು. ಆ ಅಪ್ಪ ಬೀರು ನೋಡಿದರು, ನನ್ನನ್ನು ನೋಡಿದರು, ತಲೆ ತಗ್ಗಿಸಿದರು. ಅವರು ಒಪ್ಪುವ ಹಂತಕ್ಕೆ ಬಂದಿದ್ದರು. ನಸೀಮಾ ನನ್ನ ಪಕ್ಕ ನಿಂತು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು...

ಆಗ ಪ್ರಿನ್ಸಿಪಾಲರು ಮೇಡಂ ಅವರನ್ನು ಕರೆಸಿದರು. ಅಪ್ಪನಿಗೆ ಇನ್ನೂ ಅನುಮಾನವಿದ್ದರೆ ಕೆಮಿಸ್ಟ್ರಿಯವರ ಬಾಯಿಂದಲೇ ಕೇಳಲಿ ಎಂಬುದು ಅವರ ಲೆಕ್ಕ. ಮೇಡಂ ಬಂದು ನಿಂತರು. ಈ ಪತ್ರಿಕೆಯನ್ನು ಇನ್ನೊಂದು ಸಲ ನೋಡಿ ಮೇಡಂ, ಸ್ವಲ್ಪ ಸಡಿಲ ಬಿಟ್ಟಿದ್ದೀರೇನೋ ಅಂದರು ಪ್ರಿನ್ಸಿಪಾಲರು. ಇನ್ನೊಂದು ಸಲ ನೋಡುವುದು ಎಂದರೆ ಏನೆಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ನಸೀಮಾಳ ಅಪ್ಪನಿಗೂ ಆಯಿತು ಅನಿಸುತ್ತದೆ. ಎರಡೇ ಎರಡು ಅಂಕ ಕೆಳಗಿಳಿದರೆ ಸಾಕು, ಟಿಸಿಯ ಮಾತೇ ಬೇಡ, ಹುಡುಗಿ ತಾನಾಗೇ ನಿಂತುಹೋಗುತ್ತಾಳೆ.

ನೋಡಿಯೇ ಹಾಕಿದ್ದು ಎಂದರು ಮೇಡಂ. ಲೆಕ್ಕಗಳನ್ನು ಸರಿ ಮಾಡಿದ್ದಾಳೆ, ಇಂಗ್ಲಿಷಿನಲ್ಲಿ ಬರೆಯುವ ಕಡೆ ಎಡವಿದ್ದಾಳೆ, ಎಡವಿದ ಕಡೆ ಕತ್ತರಿಸಿಯೂ ಇದ್ದೇನೆ. ಪ್ರಿನ್ಸಿಪಾಲರು ಕಾಲೇಜಿನ ಸರಾಸರಿಯ ಮಾತು ತೆಗೆದರು. ಒಬ್ಬಳಿಂದ ಎಲ್ಲರ ಹೆಸರು ಕೆಡುತ್ತದೆ ಅಂದರು. ಮೇಡಂ ಕತ್ತು ವಾರೆಯಾಯಿತು. ಆ ಭಂಗಿ ನನಗೆ ಗೊತ್ತಿತ್ತು. ತರಗತಿಯಲ್ಲಿ ತಪ್ಪು ಲೆಕ್ಕ ಕಂಡಾಗ ಹಾಗೆ ಆಗುತ್ತಿತ್ತು.

"ಭಾರದ್ದನ್ನ ಹೆಕ್ಕಿ ಹೊರಗೆ ಹಾಕಿ ತೂಗಿದ್ರೆ ಮೂವತ್ತೈದೇ ಬರ್ತದೆ ಸರ್. ಚೊಕ್ಕ ಸಂಖ್ಯೆ, ಬೋರ್ಡಿಗೆ ಬರೆಯಕ್ಕೂ ಚಂದ. ಆದ್ರೆ ಅದು ಭೂಮಿ ಮೇಲಿರೋ ಕ್ಲೋರಿನ್ ಅಲ್ಲ."

ಪ್ರಿನ್ಸಿಪಾಲರು ಇದು ಕ್ಲಾಸ್ ರೂಮ್ ಅಲ್ಲ ಮೇಡಂ ಅಂದರು.

"ಅಲ್ಲ ಸರ್. ಆಗಿದ್ರೆ ನಿಮಗೂ ತಪ್ಪು ಹಾಕ್ತಿದ್ದೆ."

ನಂತರ ನಸೀಮಾಳ ಅಪ್ಪನ ಕಡೆ ತಿರುಗಿದರು. ದನಿ ಬದಲಾಯಿತು. ಟಿಸಿ ತಗೊಳ್ಳೋದು ಬಿಡೋದು ನಿಮ್ಮ ಮನೆ ವಿಚಾರ ರೀ, ಆದರೆ ಮಗಳು ಪಾಸಾಗಿದ್ದಾಳೆ, ಅದನ್ನು ಯಾರೂ ನಿಮ್ಮಿಂದ ಮುಚ್ಚಿಡಬಾರದು. ಫೇಲ್ ಅಂತ ನನ್ನ ಕೈಯಿಂದ ಬರೆಸಕ್ಕೆ ಆಗಲ್ಲ ಅಂದರು. ಅಪ್ಪ ಮಗಳ ಮುಖ ನೋಡಿ ಏನಂತಿ ಬೇಟಾ ಎಂದು ಕೇಳಿದರು. ಇಡೀ ಹೊತ್ತು ಆ ಕೋಣೆಯಲ್ಲಿ ಅವಳನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಅವಳ ಪರವಾಗಿ ಮಾತಾಡುವ ಭರದಲ್ಲಿದ್ದೆ.

"ನಾ ಇಲ್ಲೇ ಓದ್ತೀನಿ ಅಬ್ಬಾ," ಅಂದಳು ನಸೀಮಾ.

ಅಷ್ಟೇ ನಡೆದದ್ದು. ಯಾರೂ ಮೇಜು ಕುಟ್ಟಲಿಲ್ಲ.

ಆ ಶನಿವಾರ ಊರಿಗೆ ಹೋಗುವ ಬಸ್ಸಿನಲ್ಲಿ ಮೇಡಂ ಪಕ್ಕ ಸೀಟು ಸಿಕ್ಕಿತು. ಶಿರಾಳಕೊಪ್ಪ ದಾಟುವವರೆಗೂ ಅವರು ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡಿದರು. ಎದ್ದ ಮೇಲೆ ನಾನು ಸುಮ್ಮನಿರಲಾರದೆ ಎದುರು ಪಕ್ಷದ ಅತಿ ಗಟ್ಟಿ ಪ್ರಶ್ನೆಯನ್ನೇ ಕೇಳಿದೆ: ಮುಂದಿನ ವರ್ಷ ಅವಳು ನಿಜಕ್ಕೂ ಫೇಲಾದರೆ? ಪ್ರಿನ್ಸಿಪಾಲರು ಹೇಳಿದ್ದೇ ಸರಿ ಎಂದಾಗುವುದಿಲ್ಲವೇ?

"ಆಗ್ಬಹುದು, ಯಾರಿಗೆ ಗೊತ್ತು. ಫೇಲಾದ್ರೆ ಅದು ಅವಳ ಲೆಕ್ಕ ತಪ್ಪಿದ್ದು. ಅವಳನ್ನ ಬಿಟ್ಟೇ ಲೆಕ್ಕ ಹಾಕಿದ್ರೆ ತಪ್ಪಿದ್ದು ನಂದು. ನೀ ಎರಡನ್ನೂ ಒಂದೇ ಚೀಲಕ್ಕೆ ತುರುಕ್ಬೇಡ."

ಜೂನ್‌ನಲ್ಲಿ ಕಾಲೇಜು ಶುರುವಾದಾಗ ಅವರು ಇರಲಿಲ್ಲ. ಕರೆಯಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ಕಾರಣ ಹೇಳಬೇಕಾದ ನೌಕರಿಯೂ ಅದಾಗಿರಲಿಲ್ಲ. ಹೊಸದಾಗಿ ಬಂದ ಸರ್ ಅಕ್ಷರ ನೇರವಾಗಿ ಬರೆಯುತ್ತಿದ್ದರು, ಸಮಯಕ್ಕೆ ಸರಿಯಾಗಿ ಬರುತ್ತಿದ್ದರು, ಪರೀಕ್ಷೆಗೆ ಬರುವ ಪ್ರಶ್ನೆಗಳನ್ನು ಮಾತ್ರ ಹೇಳಿಕೊಡುತ್ತಿದ್ದರು. ಎದ್ದು ನಿಂತರೆ ಸಿಲೆಬಸ್ ಮುಗಿಯಬೇಕು ಕೂತ್ಕೊಳಮ್ಮ ಅನ್ನುತ್ತಿದ್ದರು. ಸೋತೆ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಹೇಳುವ ಸಂದರ್ಭವೇ ಬರದ ಹಾಗೆ ಪಾಠ ಮಾಡುವ ಕಲೆ ಅವರಿಗೆ ಸಿದ್ಧಿಸಿತ್ತು.

ನಸೀಮಾ ದ್ವಿತೀಯ ಪಿಯುಸಿಯ ಕೆಮಿಸ್ಟ್ರಿಯಲ್ಲಿ ಫೇಲಾದಳು.

ಇಲ್ಲಿ ಓದುಗರಲ್ಲಿ ಕೆಲವರಿಗೆ ನಿರಾಸೆಯಾಗಿರುತ್ತದೆ, ಗೊತ್ತು. ಇಂಥ ಕಥೆಗಳಲ್ಲಿ ಹುಡುಗಿ ರ್‍ಯಾಂಕ್ ಬಂದು, ಮುಂದೆ ವಿಜ್ಞಾನಿಯಾಗಿ, ಮೇಷ್ಟ್ರ ಕಾಲಿಗೆ ಬೀಳಬೇಕು. ಅವಳು ಇನ್ನೊಂದು ಸಲ ಕಟ್ಟಿದಳು, ಮತ್ತೆ ಹೋಯಿತು, ಬಿಟ್ಟಳು. ಆ ವರ್ಷ ಕಾಲೇಜಿನ ಫ್ಲೆಕ್ಸಿನಲ್ಲಿ ನೂರಕ್ಕೆ ನೂರು ಇರಲಿಲ್ಲ. ಅದರ ಬದಲು ಡಿಸ್ಟಿಂಕ್ಷನ್ ಬಂದವರ ಫೋಟೋಗಳನ್ನು ದೊಡ್ಡದು ಮಾಡಿ ಹಾಕಿದ್ದರು, ನನ್ನದೂ ಇತ್ತು. ನಾನು ಟಿಸಿ ತರಲು ಹೋದಾಗ ಪ್ರಿನ್ಸಿಪಾಲರು ಬೇಸರದಿಂದಲೇ, ನಾನು ಹೇಳಿರಲಿಲ್ಲವೇನಮ್ಮ ಅಂದರು. ಆಗ ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೊಳೆದಿದೆ, ಬರೆಯುತ್ತೇನೆ.

ನೀವು ಹೇಳಿದ್ದು ನಿಜವಾಯಿತು ಸರ್, ಆದರೂ ನೀವು ತಪ್ಪೇ. ಭವಿಷ್ಯ ಹೇಳುವುದು ಬೇರೆ, ನ್ಯಾಯ ಹೇಳುವುದು ಬೇರೆ. ನಾಳೆ ಸೋಲಬಹುದು ಎಂಬ ಕಾರಣಕ್ಕೆ ಇವತ್ತು ಗೆದ್ದವಳನ್ನು ಸೋತವಳು ಎಂದು ಬರೆಯಲು ಯಾವ ಮೇಷ್ಟ್ರಿಗೂ ಅಧಿಕಾರವಿಲ್ಲ. ಇನ್ನು ನಿಮ್ಮ ಕಾಳಜಿ. ಅವಳ ಮನಸ್ಸು ಮುರಿಯುತ್ತದೆ ಅಂದಿರಿ. ಮುರಿಯುತ್ತದೋ ಇಲ್ಲವೋ ಅವಳನ್ನು ಕೇಳಿದಿರಾ? ಅವಳು ಪಕ್ಕದಲ್ಲೇ ನಿಂತಿದ್ದಳು. ಮತ್ತೆ ಆ ನೂರು. ಫೇಲಾಗುವವರನ್ನು ಮೊದಲೇ ಕಳಿಸಿ ಬರುವ ನೂರು ನಿಮ್ಮ ಪಾಠದ ಅಳತೆಯಲ್ಲ, ನಿಮ್ಮ ಸೋಸುವ ಜರಡಿಯ ಅಳತೆ. ಜರಡಿ ಚೆನ್ನಾಗಿದೆ ಎಂದು ಬೇಕಾದರೆ ಫ್ಲೆಕ್ಸ್ ಹಾಕಿಸಿ, ನನ್ನ ಅಭ್ಯಂತರವಿಲ್ಲ.

ಕಾನೂನು ಓದಿ ಬಂದು ಸೊರಬದಲ್ಲಿ ಕೆಲಸ ಕಲಿಯಲು ಸೇರಿದ ಮೇಲೆ ಮೇಡಂ ಮತ್ತೆ ಸಿಕ್ಕರು. ಚಂದ್ರಗುತ್ತಿ ರಸ್ತೆಯ ಅವರ ಮನೆಯ ಜಗಲಿಯಲ್ಲಿ ಹೈಸ್ಕೂಲು ಮಕ್ಕಳು ಮನೆಪಾಠಕ್ಕೆ ಬರುತ್ತಿದ್ದರು. ಭಾನುವಾರ ಸಂಜೆ ನಾನು ಹೋಗಿ ಜಗಳ ತೆಗೆಯುತ್ತಿದ್ದೆ. ಕೋರ್ಟಿನ ಕಥೆ ಹೇಳಿದರೆ ನಡು ಮುರಿದರೋ ಅಳೆದು ಕೊಟ್ಟರೋ ಎಂದು ಮೊದಲು ಕೇಳುತ್ತಿದ್ದರು. ಕಾಲೇಜು ಬಿಡಿಸಿದ್ದರ ಬಗ್ಗೆ ಒಮ್ಮೆ ಕೆದಕಿದೆ. ಬಸ್ಸಲ್ಲಿ ತೂಕಡಿಸೋದು ತಪ್ತು ಮಾರಾಯ್ತಿ ಎಂದು ತೇಲಿಸಿದರು. ಅದು ಪೂರ್ತಿ ನಿಜವಲ್ಲ ಎಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಎಂದು ಅವರಿಗೂ...

ಹೋದ ವರ್ಷ ತೀರಿಕೊಂಡರು. ಕಾಯಿಲೆ ಬಂದು ಬಹಳ ದಿನ ಎಳೆಯಲಿಲ್ಲ. ಅಂಗಳದಲ್ಲಿ ಜನ ಸೇರಿದ್ದಾಗ ಪ್ರಿನ್ಸಿಪಾಲರು ಶಿಕಾರಿಪುರದಿಂದ ಒಂದು ದೊಡ್ಡ ಹಾರ ತಂದಿದ್ದರು. ಮೇಡಂ ನಮ್ಮ ಸಂಸ್ಥೆಯ ಆಸ್ತಿಯಾಗಿದ್ದರು ಎಂದು ಯಾರಿಗೋ ಹೇಳುತ್ತಿದ್ದರು. ನಸೀಮಾ ಗಾದಿ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿ ಬಂದಿದ್ದಳು. ಈಗ ಅಂಗಡಿ ನೋಡಿಕೊಳ್ಳುವವಳು ಅವಳೇ. ಅತ್ತು ಕೆಂಪಾದ ಮುಖದಲ್ಲೇ ನನ್ನ ಕಿವಿಗೆ ಬಾಗಿ, ಆಸ್ತೀನ ಯಾರಾದ್ರೂ ಹೊರಗ ಹಾಕ್ತಾರೇನ ಅಂದಳು. ಸಾವಿನ ಮನೆಯಲ್ಲಿ ನಗಬಾರದಿತ್ತು. ನಕ್ಕೆವು.

ಹಿಂದಿರುಗುವಾಗ ಬಸ್‌ಸ್ಟ್ಯಾಂಡಿನಲ್ಲಿ ನಾನು ಅವಳನ್ನು ಕೇಳಿಯೇಬಿಟ್ಟೆ. ಆ ದಿನ ಟಿಸಿ ತೆಗೆದುಕೊಂಡಿದ್ದರೆ ಆರ್ಟ್ಸ್ ಮುಗಿಸಿ ಏನಾದರೂ ಆಗಿರುತ್ತಿದ್ದೆಯೇನೋ, ಎರಡು ಸಲ ಫೇಲ್ ಅನ್ನಿಸಿಕೊಳ್ಳುವುದು ತಪ್ಪುತ್ತಿತ್ತು, ಮೇಡಂ ಕೆಲಸವೂ ಉಳಿಯುತ್ತಿತ್ತು. ಯಾವತ್ತಾದರೂ ಹಾಗನ್ನಿಸಿದೆಯಾ ಎಂದೆ. ಬಸ್ಸು ಬಂದು ನಿಂತ ಮೇಲೆ ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು.

"ಮೇಡಂ ಕೆಲಸದ ಮಾತು ಬಂದ್ರ ನಂಗ ನಿದ್ದಿ ಬರಂಗಿಲ್ಲ, ಅದು ಬ್ಯಾರೆ. ಆದ್ರ ನಾ ಕುಂತು ಬರದು ಫೇಲಾದೆ ಕಣೇ. ನನ್ನ ಫೇಲು ನಂದೇ ಐತಿ."

ಈಗ ನನ್ನ ಹತ್ತಿರ ಒಂದು ಹೊಸ ತಕರಾರು ಇದೆ. ಇತ್ತೀಚೆಗೆ ಓದುವಾಗ ಸಿಕ್ಕಿದ್ದು. ಕ್ಲೋರಿನ್ನಿಗೆ ಒಂದೇ ಸರಾಸರಿ ತೂಕ ಇದೆ ಎನ್ನುವುದನ್ನು ವಿಜ್ಞಾನಿಗಳು ಈಗ ಬಿಟ್ಟಿದ್ದಾರೆ. ಒಂದು ಕಡೆಯ ಕ್ಲೋರಿನ್ನಿನಲ್ಲಿ ಭಾರದ್ದರ ಪಾಲು ಒಂದು ಕೂದಲೆಳೆ ಹೆಚ್ಚಿದ್ದರೆ ಇನ್ನೊಂದು ಕಡೆಯದರಲ್ಲಿ ಒಂದು ಕೂದಲೆಳೆ ಕಡಿಮೆ. ಹಾಗಾಗಿ ಇಷ್ಟರಿಂದ ಇಷ್ಟರವರೆಗೆ ಎಂದು ಎರಡು ಗಡಿ ಹೇಳುತ್ತಾರೆ. ಅಂದರೆ ಎಲ್ಲರನ್ನೂ ಸೇರಿಸಿಯೇ ಲೆಕ್ಕ ಹಾಕಿದರೂ ಯಾವ ಜಾಗದ ಎಲ್ಲರು ಎಂಬ ಪ್ರಶ್ನೆ ಉಳಿಯುತ್ತದೆ. ಭೂಮಿ ಮೇಲಿರೋ ಕ್ಲೋರಿನ್ ಅಂದಿರಲ್ಲ ಮೇಡಂ, ಭೂಮಿಯ ಮೇಲೆ ಎಲ್ಲಿ? ಒಳ್ಳೆಯ ಪಾಯಿಂಟು. ಜಗಲಿಯ ಮೇಲೆ ಕೂತು ಕೇಳಿದ್ದರೆ ಅವರ ಕತ್ತು ವಾರೆಯಾಗುತ್ತಿತ್ತು. ಸೋತೆ ಅನ್ನುತ್ತಿದ್ದರೋ, ಇಲ್ಲ ಇನ್ನೂ ಗಟ್ಟಿಯಾದ ಒಂದು ಮಾತು ಹೇಳಿ ನನ್ನ ಬಾಯಿ ಮುಚ್ಚಿಸುತ್ತಿದ್ದರೋ ತಿಳಿಯುವ ದಾರಿಯಿಲ್ಲ. ಎಷ್ಟು ಯೋಚಿಸಿದರೂ ಅವರ ಉತ್ತರವನ್ನು ನಾನು ಅವರ ಪರವಾಗಿ ಹೇಳಲಾರೆ. ಅದು ಅವರೇ ಹೇಳಬೇಕಾದದ್ದು.

ಎದುರು ಪಕ್ಷದವರು ವೇದಿಕೆಗೆ ಬರದಿದ್ದರೆ ಗೆಲುವು ಇದ್ದವರಿಗೆ ಎಂದು ಚರ್ಚಾಸ್ಪರ್ಧೆಯಲ್ಲಿ ಒಂದು ನಿಯಮವಿದೆ. ಎಷ್ಟೋ ಪಾರಿತೋಷಕ ಹಾಗೇ ಬಂದಿವೆ, ತೆಗೆದುಕೊಂಡಿದ್ದೇನೆ. ಇದೊಂದನ್ನು ತೆಗೆದುಕೊಳ್ಳುವುದಿಲ್ಲ.